ದಾಡಿ ಸಾಬೂನಿನ ನೊರೆ: ಶಿರಸಿಯಲ್ಲಿ ಏಳುತ್ತದೆ, ಕಾರವಾರದಲ್ಲಿ ಏಕೆ ಏಳುವುದಿಲ್ಲ?

ಘಟ್ಟದ ಮೇಲಿನಿಂದ ಕರಾವಳಿಗೆ ವರ್ಗವಾಗಿ ಬಂದವರ ಬಾಯಲ್ಲಿ ಈಚೆಗೆ ಒಂದು ದೂರು ಕೇಳಿಬರುತ್ತಿದೆ. ಶಿರಸಿಯ ಮನೆಯಲ್ಲಿ ದಿನಾ ಬೆಳಿಗ್ಗೆ ದಪ್ಪ ನೊರೆ ಕೊಡುತ್ತಿದ್ದ ದಾಡಿ ಸಾಬೂನು, ಕಾರವಾರದ ಬಾಡಿಗೆ ಮನೆಗೆ ಬಂದಮೇಲೆ ಎಷ್ಟು ತಿಕ್ಕಿದರೂ ದೊಡ್ಡ ದೊಡ್ಡ ಗುಳ್ಳೆ ಕಟ್ಟಿ, ಒಂದು ಕೆನ್ನೆ ಮುಗಿಯುವಷ್ಟರಲ್ಲಿ ಇಳಿದುಹೋಗುತ್ತದೆ. "ಸಾಬೂನು ಡೂಪ್ಲಿಕೇಟ್ ಇರ್ಬೇಕು ಮಾರಾಯಾ" ಎಂದು ಹೊಸದೊಂದು ತರಿಸುತ್ತಾರೆ. ಅದೂ ಹಾಗೆಯೇ ಆಗುತ್ತದೆ.

ಡಬ್ಬಿ ಒತ್ತಿದರೆ ಹೊರಬರುವ ಫೋಮ್ ಬಿಟ್ಟು ಬ್ರಶ್ ಮತ್ತು ಗಟ್ಟಿ ಸಾಬೂನಿಗೆ ಮರಳುತ್ತಿರುವವರು ಸಾಕಷ್ಟು ಮಂದಿ. ಒಂದು ಬಿಲ್ಲೆ ತಿಂಗಳುಗಟ್ಟಲೆ ಬರುತ್ತದೆ, ಖರ್ಚು ಕಡಿಮೆ, ಎಸೆಯಬೇಕಾದ ಡಬ್ಬಿಯಿಲ್ಲ. ಆದರೆ ಅಪ್ಪನ ತಲೆಮಾರಿನವರಿಗೆ ಕೈಗೆ ಬಂದಿದ್ದ ಈ ಕೆಲಸವನ್ನು ಹೊಸಬರಿಗೆ ಯಾರೂ ಹೇಳಿಕೊಟ್ಟಿಲ್ಲ. ಹೀಗಾಗಿ ನೊರೆ ಬಾರದಿದ್ದರೆ ಮೊದಲು ಸಾಬೂನಿನ ಮೇಲೆ ಅನುಮಾನ ಬರುತ್ತದೆ, ನೀರಿನ ಕಡೆ ಯಾರೂ ನೋಡುವುದಿಲ್ಲ. ಈ ನೊರೆಯಲ್ಲಿ ತೂಕದ ಲೆಕ್ಕದಲ್ಲಿ ಹೆಚ್ಚಿನ ಪಾಲು ಇರುವುದು ನೀರೇ. ಆ ನೀರು ಯಾವ ಬಾವಿಯದು, ಎಷ್ಟು ಬಿತ್ತು, ಯಾವಾಗ ಬಿತ್ತು ಎಂಬುದರ ಮೇಲೆ ಮುಕ್ಕಾಲು ಕೆಲಸ ನಿಂತಿದೆ.

ನೊರೆ ಬೇಕಾದ್ದು ಯಾತಕ್ಕೆ?

ಗಡ್ಡದ ಕೂದಲು ಕೆರಟಿನ್ ಎಂಬ ಪ್ರೋಟೀನಿನಿಂದ ಆಗಿದೆ. ಒಣಗಿದ್ದಾಗ ಅದು ಬಿರುಸು. ನೀರು ಒಳಗಿಳಿದರೆ ಕೂದಲಿನೊಳಗಿನ ಕೆಲವು ದುರ್ಬಲ ಬಂಧಗಳು ಸಡಿಲಗೊಂಡು ಅದು ಉಬ್ಬುತ್ತದೆ, ಮೆತ್ತಗಾಗುತ್ತದೆ. ಆಗ ಬ್ಲೇಡಿಗೆ ಕಡಿಮೆ ಬಲ ಸಾಕು. ಇದಕ್ಕೆ ಎರಡು ಮೂರು ನಿಮಿಷ ಹಿಡಿಯುತ್ತದೆ. ಬರೀ ನೀರು ಎರಚಿಕೊಂಡರೆ ಅಷ್ಟು ಹೊತ್ತು ಕೆನ್ನೆಯ ಮೇಲೆ ನಿಲ್ಲುವುದಿಲ್ಲ, ಗಲ್ಲದಿಂದ ಇಳಿದು ಹೋಗುತ್ತದೆ. ನೊರೆ ಆ ನೀರನ್ನು ಕೂದಲಿನ ಬುಡದಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ನೊರೆಯ ಮೊದಲ ಕೆಲಸ ಇದು.

ಎರಡನೆಯ ಕೆಲಸ ಜಾರಿಕೆ. ಬ್ಲೇಡು ಮತ್ತು ಚರ್ಮದ ನಡುವೆ ಸಾಬೂನು ಬೆರೆತ ನೀರಿನ ತೆಳುವಾದ ಪದರ ಇದ್ದರೆ ಬ್ಲೇಡು ತಡೆಯದೆ ಸಾಗುತ್ತದೆ. ಗಮನಿಸಿ, ಜಾರಿಕೆ ಕೊಡುವುದು ಚರ್ಮಕ್ಕೆ ತಾಗಿರುವ ಆ ಪದರ. ಮೇಲೆ ಗುಡ್ಡೆಯಾಗಿ ನಿಂತ ನೊರೆ ಅದನ್ನು ಒಣಗದಂತೆ ಕಾಯುತ್ತದೆ, ಅಷ್ಟೇ. ಆದ್ದರಿಂದ ಕನ್ನಡಿಯಲ್ಲಿ ಎಷ್ಟು ಎತ್ತರ ಕಾಣುತ್ತದೆ ಎನ್ನುವುದು ಒಳ್ಳೆಯ ನೊರೆಯ ಅಳತೆಯಲ್ಲ. ಡಬ್ಬಿಯ ಫೋಮ್ ಅನಿಲದ ಬಲದಿಂದ ಉಬ್ಬಿರುತ್ತದೆ, ನೋಡಲು ದೊಡ್ಡದು. ಬ್ರಶ್ಶಿನಿಂದ ಎಬ್ಬಿಸಿದ ನೊರೆ ಅದಕ್ಕಿಂತ ಗಿಡ್ಡಗಿದ್ದರೂ ಒದ್ದೆಯಾಗಿ, ಸಣ್ಣ ಗುಳ್ಳೆಯಿಂದ ಕೂಡಿದ್ದರೆ ಕೆಲಸ ಚೆನ್ನಾಗಿ ಮಾಡುತ್ತದೆ.

ದಾಡಿ ಸಾಬೂನು, ಮೈ ಸಾಬೂನು: ಒಳಗಿನ ವ್ಯತ್ಯಾಸ

ಎಣ್ಣೆ ಅಥವಾ ಕೊಬ್ಬಿಗೆ ಕ್ಷಾರ ಬೆರೆಸಿದಾಗ ಎರಡು ವಸ್ತು ಹುಟ್ಟುತ್ತವೆ. ಒಂದು ಸಾಬೂನು, ಇನ್ನೊಂದು ಗ್ಲಿಸರಿನ್. ಎಣ್ಣೆಯಲ್ಲಿರುವ ಕೊಬ್ಬಿನಾಮ್ಲಗಳು ಕ್ಷಾರದೊಡನೆ ಸೇರಿ ಸಾಬೂನಾಗುತ್ತವೆ. ಯಾವ ಕೊಬ್ಬಿನಾಮ್ಲ, ಯಾವ ಕ್ಷಾರ ಎಂಬುದರ ಮೇಲೆ ನೊರೆಯ ಗುಣ ತೀರ್ಮಾನವಾಗುತ್ತದೆ.

ತೆಂಗಿನೆಣ್ಣೆಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಲಾರಿಕ್ ಆಮ್ಲವಿದೆ. ಅದರ ಸಾಬೂನು ನೀರು ಸೋಕಿದ ತಕ್ಷಣ ನೊರೆ ಕೊಡುತ್ತದೆ. ಆದರೆ ಗುಳ್ಳೆ ದೊಡ್ಡದು, ಬೇಗ ಒಡೆಯುತ್ತದೆ. ಸ್ಟಿಯರಿಕ್ ಮತ್ತು ಪಾಮಿಟಿಕ್ ಆಮ್ಲಗಳ ಸಾಬೂನು ನಿಧಾನ. ಆದರೆ ಒಮ್ಮೆ ಎದ್ದ ನೊರೆ ಸಣ್ಣ ಗುಳ್ಳೆಯದು, ದಟ್ಟವಾದದ್ದು, ಬಹಳ ಹೊತ್ತು ನಿಲ್ಲುವಂಥದ್ದು. ಮೈಗೆ ಹಚ್ಚಿ ಕೂಡಲೇ ತೊಳೆದುಕೊಳ್ಳುವ ಸಾಬೂನಿಗೆ ಮೊದಲ ಗುಣ ಬೇಕು. ದಾಡಿಗೆ ಬೇಕಾದ್ದು ಎರಡನೆಯದು. ಸ್ನಾನದ ಸಾಬೂನನ್ನೇ ಕೆನ್ನೆಗೆ ತಿಕ್ಕಿಕೊಂಡು ದಾಡಿ ಮಾಡಿಕೊಳ್ಳುವವರಿಗೆ ಉರಿ ಹೆಚ್ಚಾಗುವುದಕ್ಕೆ ಇದೊಂದು ಕಾರಣ: ಕತ್ತಿನ ಹತ್ತಿರ ಬರುವಷ್ಟರಲ್ಲಿ ಅಲ್ಲಿ ನೊರೆ ಉಳಿದಿರುವುದಿಲ್ಲ.

ಇನ್ನು ಕ್ಷಾರ. ಸೋಡಿಯಂ ಕ್ಷಾರದಿಂದ ಗಟ್ಟಿ ಸಾಬೂನಾಗುತ್ತದೆ, ಪೊಟ್ಯಾಸಿಯಂ ಕ್ಷಾರದಿಂದ ಮೆದು ಸಾಬೂನು. ಸೋಡಿಯಂ ಸ್ಟಿಯರೇಟ್ ತಣ್ಣೀರಿನಲ್ಲಿ ಕರಗುವುದೇ ಕಷ್ಟ, ಪೊಟ್ಯಾಸಿಯಂ ಸ್ಟಿಯರೇಟ್ ಅದಕ್ಕಿಂತ ಸುಲಭವಾಗಿ ಕರಗುತ್ತದೆ. ಅದಕ್ಕೇ ದಾಡಿ ಸಾಬೂನಿನಲ್ಲಿ ಸಾಮಾನ್ಯವಾಗಿ ಎರಡನ್ನೂ ಬೆರೆಸಿರುತ್ತಾರೆ: ಬಿಲ್ಲೆ ಆಕಾರ ಬಿಡಬಾರದು, ಬ್ರಶ್ಶಿಗೂ ಸಲೀಸಾಗಿ ಬರಬೇಕು. ಗ್ಲಿಸರಿನ್ ನೀರನ್ನು ಹಿಡಿದಿಡುತ್ತದೆ, ನೊರೆ ಒಣಗುವುದನ್ನು ತಡ ಮಾಡುತ್ತದೆ. ಪೊಟ್ಟಣದ ಮೇಲೆ 'ಟ್ಯಾಲೋವೇಟ್' ಎಂದಿದ್ದರೆ ಅದು ಪ್ರಾಣಿಯ ಕೊಬ್ಬಿನಿಂದ ಮಾಡಿದ್ದು. ನೊರೆಗೆ ಅದು ಒಳ್ಳೆಯದೇ. ಸಸ್ಯಾಹಾರಿ ಮನೆಯವರು ಕೊಳ್ಳುವ ಮೊದಲೇ ಓದಿಕೊಂಡರೆ ಆಮೇಲೆ ಬೇಸರವಿರುವುದಿಲ್ಲ.

ಇಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆಯದೇ ಒಂದು ಪದಾರ್ಥವನ್ನು ಹೆಸರಿಸಲೇಬೇಕು: ಮುರುಗಲು ತುಪ್ಪ. ಮುರುಗಲು ಹಣ್ಣಿನ ಸಿಪ್ಪೆ ಸಾರು, ಪಾನಕಕ್ಕೆ ಹೋದಮೇಲೆ ಉಳಿಯುವ ಬೀಜದಿಂದ ತೆಗೆಯುವ ಈ ತುಪ್ಪವನ್ನು ಒಡೆದ ಹಿಮ್ಮಡಿಗೆ ಹಚ್ಚುವುದು ಎಲ್ಲರಿಗೂ ಗೊತ್ತು. ಅದು ಸಾಮಾನ್ಯ ಹವೆಯಲ್ಲಿ ಗಟ್ಟಿಯಾಗಿದ್ದು ಸುಮಾರು 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಅದರ ಕೊಬ್ಬಿನಾಮ್ಲಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸ್ಟಿಯರಿಕ್ ಆಮ್ಲವೇ. ಅಂದರೆ ನೊರೆ ನಿಲ್ಲಲು ಬೇಕಾದ ಕೊಬ್ಬು ನಮ್ಮ ಬೆಟ್ಟದಲ್ಲಿದೆ, ನೊರೆ ಏಳಲು ಬೇಕಾದ ಎಣ್ಣೆ ನಮ್ಮ ತೆಂಗಿನ ತೋಟದಲ್ಲಿದೆ. ಕೈಯಿಂದ ಸಾಬೂನು ಮಾಡುವವರು ಇವೆರಡನ್ನು ಜೊತೆಗೂಡಿಸಿದರೆ ಅದರ ಹಿಂದೆ ಗಟ್ಟಿ ರಸಾಯನವಿದೆ. ಒಂದು ಎಚ್ಚರಿಕೆ: ಕ್ಷಾರ ಚರ್ಮವನ್ನೂ ಕಣ್ಣನ್ನೂ ಸುಡುತ್ತದೆ. ಕಲಿಯದೆ ಮನೆಯಲ್ಲಿ ಪ್ರಯೋಗ ಮಾಡುವ ಕೆಲಸ ಇದಲ್ಲ. ಕೊಳ್ಳುವಾಗಲೂ, ಮಾಡಿದ ಮೇಲೆ ಕೆಲವು ವಾರ ಹದಕ್ಕೆ ಇಟ್ಟಿದ್ದರೋ ಎಂದು ಕೇಳಿ. ಕ್ಷಾರ ಉಳಿದಿರುವ ಸಾಬೂನನ್ನು ಆಗತಾನೇ ಬ್ಲೇಡು ಆಡಿದ ಕೆನ್ನೆ ತಡೆದುಕೊಳ್ಳುವುದಿಲ್ಲ.

ಒಂದು ಗುಳ್ಳೆ ನಿಲ್ಲುವುದು ಹೇಗೆ?

ಸಾಬೂನಿನ ಒಂದೊಂದು ಅಣುವಿಗೂ ಎರಡು ತುದಿ. ಒಂದು ನೀರನ್ನು ಬಯಸುತ್ತದೆ, ಇನ್ನೊಂದು ನೀರಿನಿಂದ ದೂರ ಸರಿಯುತ್ತದೆ. ಬ್ರಶ್ ತಿರುಗಿಸಿದಾಗ ಗಾಳಿ ಒಳಗೆ ಸೇರಿಕೊಳ್ಳುತ್ತದೆ, ಆ ಗಾಳಿಯ ಸುತ್ತ ನೀರಿನ ಒಂದು ತೆಳು ಗೋಡೆ ಏಳುತ್ತದೆ. ಗೋಡೆಯ ಎರಡೂ ಮೈಗೆ ಸಾಬೂನಿನ ಅಣುಗಳು ಸಾಲಾಗಿ ನಿಂತು ಅದನ್ನು ಕಾಯುತ್ತವೆ.

ಗುಳ್ಳೆ ಒಡೆಯುವುದಕ್ಕೆ ಮೂರು ದಾರಿ. ಗೋಡೆಯೊಳಗಿನ ನೀರು ಭಾರಕ್ಕೆ ಕೆಳಗೆ ಬಸಿದು ಗೋಡೆ ತೆಳುವಾಗುವುದು ಮೊದಲನೆಯದು. ಸಾಬೂನು ಹೆಚ್ಚಿದ್ದು ದ್ರವ ಮಂದವಾಗಿದ್ದರೆ ಈ ಬಸಿಯುವಿಕೆ ನಿಧಾನವಾಗುತ್ತದೆ. ಎರಡನೆಯದು ಗುಳ್ಳೆಗಳ ನಡುವಿನ ಅಸಮತೆ. ಸಣ್ಣ ಗುಳ್ಳೆಯೊಳಗೆ ಒತ್ತಡ ಹೆಚ್ಚು, ದೊಡ್ಡದರಲ್ಲಿ ಕಡಿಮೆ. ಹೀಗಾಗಿ ಸಣ್ಣದರ ಗಾಳಿ ಮೆಲ್ಲಗೆ ದೊಡ್ಡದಕ್ಕೆ ಹೋಗಿ ಸೇರುತ್ತದೆ, ದೊಡ್ಡದು ಇನ್ನೂ ದೊಡ್ಡದಾಗಿ ಒಡೆಯುತ್ತದೆ. ಎಲ್ಲ ಗುಳ್ಳೆಯೂ ಸಣ್ಣದಾಗಿ ಒಂದೇ ಗಾತ್ರದಲ್ಲಿದ್ದರೆ ಈ ಆಟ ನಿಧಾನ. ಬ್ರಶ್ಶನ್ನು ಬಹಳ ಹೊತ್ತು ಆಡಿಸಬೇಕಾದ್ದು ಇದೇ ಕಾರಣಕ್ಕೆ: ಕೂದಲಿನ ತುದಿಗಳು ದೊಡ್ಡ ಗುಳ್ಳೆಗಳನ್ನು ಸೀಳಿ ಸಣ್ಣದು ಮಾಡುತ್ತಿರುತ್ತವೆ.

ಮೂರನೆಯದು ಹೊರಗಿನಿಂದ ಬರುವ ಶತ್ರು. ಎಣ್ಣೆಯ ಹನಿ ಗೋಡೆಯೊಳಗೆ ಸೇರಿದರೆ ಅದು ಅಲ್ಲೇ ಬಿರಿಯುತ್ತದೆ. ತಲೆಗೆ ತೆಂಗಿನೆಣ್ಣೆ ಹಚ್ಚಿದ ಕೈಯಲ್ಲೇ ಬ್ರಶ್ ಹಿಡಿದರೆ, ಮುಖಕ್ಕೆ ಎಣ್ಣೆ ತಿಕ್ಕಿಕೊಂಡು ತೊಳೆಯದೆ ದಾಡಿಗೆ ಕೂತರೆ ನೊರೆ ಇಳಿಯುತ್ತದೆ. ಎಣ್ಣೆ ಮೈ ಎಂದರೆ ಮೊದಲು ಮುಖ ತೊಳೆಯಿರಿ, ಆಮೇಲೆ ನೊರೆ. ನೊರೆ ಎಬ್ಬಿಸಲು ತೆಂಗಿನ ಗರಟೆ ಬಳಸುವವರು ಕೂಡ ಹೊಸ ಗರಟೆಯನ್ನು ಸಾಬೂನು ಹಾಕಿ ಚೆನ್ನಾಗಿ ತಿಕ್ಕಿ ಎಣ್ಣೆಯ ಪಸೆ ತೆಗೆದುಕೊಳ್ಳಬೇಕು.

ನೀರಿನ ಕತೆ

ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂಗಳಿಂದ ನೀರು ಗಡಸಾಗುತ್ತದೆ. ಇವು ಸಾಬೂನಿನ ಅಣುವನ್ನು ಹಿಡಿದುಕೊಂಡು ನೀರಿನಲ್ಲಿ ಕರಗದ ಬಿಳಿ ಗಸಿಯಾಗಿ ಬೀಳುತ್ತವೆ. ಬಕೆಟ್ಟಿನ ಅಂಚಿಗೆ, ಬಚ್ಚಲಿನ ಟೈಲ್ಸಿಗೆ ಅಂಟುವ ಜಿಡ್ಡು ಇದೇ. ಹಾಗೆ ಗಸಿಯಾದ ಸಾಬೂನು ನೊರೆಗೆ ದಕ್ಕುವುದಿಲ್ಲ. ಅಷ್ಟೇ ಅಲ್ಲ, ಅದರ ಸಣ್ಣ ಚೂರುಗಳು ಗುಳ್ಳೆಯ ಗೋಡೆಗೆ ಸೇರಿ ಅದನ್ನು ಒಡೆಯುತ್ತವೆ.

ಗಡಸುತನವನ್ನು ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಕ್ಯಾಲ್ಸಿಯಂ ಕಾರ್ಬೊನೇಟಿನ ಲೆಕ್ಕದಲ್ಲಿ ಹೇಳುತ್ತಾರೆ. 60ರ ಒಳಗಿದ್ದರೆ ಮೆದು, 180 ದಾಟಿದರೆ ತುಂಬ ಗಡಸು ಎನ್ನುವುದು ರೂಢಿ. ಭಾರತೀಯ ಮಾನಕ ಸಂಸ್ಥೆ ಕುಡಿಯುವ ನೀರಿಗೆ 200 ಮಿಲಿಗ್ರಾಂವರೆಗೆ ಸರಿ ಎನ್ನುತ್ತದೆ, ಬೇರೆ ನೀರು ಸಿಗದಿದ್ದರೆ 600ರವರೆಗೂ ಒಪ್ಪುತ್ತದೆ. ಹಾಗಾಗಿ ಕುಡಿಯಲು ಯೋಗ್ಯವಾದ ನೀರೇ ದಾಡಿಯ ನೊರೆಗೆ ಸತಾಯಿಸಬಹುದು. ಎರಡಕ್ಕೂ ಜಗಳವಿಲ್ಲ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಜೋರು ಮಳೆ ಮಣ್ಣಿನಲ್ಲಿ ಇಳಿದು ಬೇಗ ಹೊರಬರುತ್ತದೆ. ಬೆಟ್ಟದ ಬುಡದಿಂದ ದಬ್ಬೆಯಲ್ಲಿ ಇಳಿದು ಮನೆಯಂಗಳಕ್ಕೆ ಬರುವ ಅಬ್ಬಿ ನೀರು ಕಲ್ಲಿನ ಜೊತೆ ಹೆಚ್ಚು ಹೊತ್ತು ಕಳೆದಿರುವುದಿಲ್ಲ, ಆದ್ದರಿಂದ ಸಾಮಾನ್ಯವಾಗಿ ಮೆದು. ಅಂಥ ನೀರಿನಲ್ಲಿ ಕೈ ಸ್ವಲ್ಪ ತಪ್ಪಿದರೂ ನೊರೆ ಎದ್ದೇಳುತ್ತದೆ. ಆಳದ ಬೋರ್‌ವೆಲ್ ನೀರು ಹಾಗಲ್ಲ. ಬಂಡೆಯ ಸಂದಿಯಲ್ಲಿ ವರ್ಷಗಟ್ಟಲೆ ನಿಂತ ನೀರು ಖನಿಜಗಳನ್ನು ಹೊತ್ತು ಬರಬಹುದು. ಶಿರಸಿಯಲ್ಲೇ ಬಾವಿ ಬಿಟ್ಟು ಬೋರಿಗೆ ಬದಲಾದ ಮನೆಯಲ್ಲಿ ನೊರೆ ಕುಗ್ಗಿದ್ದರೆ ಅಚ್ಚರಿಯಿಲ್ಲ.

ಕರಾವಳಿಯಲ್ಲಿ ಕತೆ ಬೇರೆ. ಕಾರವಾರದಲ್ಲಿ ಕಾಳಿ, ಅಂಕೋಲೆಯ ಕಡೆ ಗಂಗಾವಳಿ, ತದಡಿಯಲ್ಲಿ ಅಘನಾಶಿನಿ, ಹೊನ್ನಾವರದಲ್ಲಿ ಶರಾವತಿ. ಈ ನಾಲ್ಕೂ ನದಿಗಳ ಬಾಯಲ್ಲಿ ಬೇಸಿಗೆಯಲ್ಲಿ ಸಿಹಿನೀರಿನ ಹರಿವು ಇಳಿದು ಭರತದ ಹೊತ್ತಿಗೆ ಕಡಲ ನೀರು ಒಳಗೆ ಏರುತ್ತದೆ. ದಂಡೆಯ ಬಾವಿಗಳಲ್ಲಿ ಪಂಪು ಜೋರಾಗಿ ಓಡಿದರೆ ಕೆಳಗಿನಿಂದಲೂ ಉಪ್ಪುನೀರು ಎಳೆದು ಬರುತ್ತದೆ.

ಕಡಲ ನೀರೆಂದರೆ ಬರೀ ಉಪ್ಪಲ್ಲ. ಒಂದು ಲೀಟರಿನಲ್ಲಿ ಸುಮಾರು 35 ಗ್ರಾಂ ಲವಣವಿದ್ದರೆ ಅದರಲ್ಲಿ ಮೆಗ್ನೀಸಿಯಂ 1.3 ಗ್ರಾಂನಷ್ಟು, ಕ್ಯಾಲ್ಸಿಯಂ 0.4 ಗ್ರಾಂನಷ್ಟು ಇರುತ್ತದೆ. ಗಡಸುತನದ ಲೆಕ್ಕಕ್ಕೆ ತಂದರೆ ಲೀಟರಿಗೆ 6,000 ಮಿಲಿಗ್ರಾಂ ಮೀರುತ್ತದೆ. 50 ತಂಬಿಗೆ ಸಿಹಿನೀರಿಗೆ ಒಂದೇ ತಂಬಿಗೆ ಕಡಲ ನೀರು ಬೆರೆತರೂ ಗಡಸುತನ 120ಕ್ಕೂ ಹೆಚ್ಚು ಏರಿತು. ಚಹಾ ಕುಡಿದವರಿಗೆ ಏನೋ ಸಪ್ಪೆ ಉಪ್ಪು ಅನ್ನಿಸಬಹುದು, ಅಷ್ಟೇ. ಸಾಬೂನಿಗೆ ಮಾತ್ರ ಸ್ಪಷ್ಟವಾಗಿ ಗೊತ್ತಾಗುತ್ತದೆ. ಜೊತೆಗೆ ಉಪ್ಪು ತಾನೇ ಸಾಬೂನನ್ನು ನೀರಿನಿಂದ ಹೊರದೂಡುತ್ತದೆ. ಸಾಬೂನು ತಯಾರಿಸುವವರು ಗ್ಲಿಸರಿನ್‌ನಿಂದ ಸಾಬೂನನ್ನು ಬೇರ್ಪಡಿಸಲು ಉಪ್ಪು ಸುರಿಯುವುದು ಇದೇ ಗುಣಕ್ಕಾಗಿ. ತೆಂಗಿನೆಣ್ಣೆಯ ಸಾಬೂನು ಉಪ್ಪನ್ನು ಎಷ್ಟೋ ತಾಳಿಕೊಳ್ಳುತ್ತದೆ, ಹಾಗಾಗಿ ಹಡಗಿನವರು ಕಡಲ ನೀರಿನಲ್ಲಿ ಮೀಯಲು ಅದನ್ನೇ ಬಳಸುತ್ತಿದ್ದರು. ದಾಡಿ ಸಾಬೂನಿನ ಸ್ಟಿಯರಿಕ್ ಭಾಗಕ್ಕೆ ಆ ತಾಳಿಕೆಯಿಲ್ಲ. ಏಪ್ರಿಲಿನಲ್ಲಿ ಮುಷ್ಕರ ಹೂಡಿದ ಅದೇ ಸಾಬೂನು ಜುಲೈಯಲ್ಲಿ ಅದೇ ಬಾವಿಯ ನೀರಿಗೆ ಚೆನ್ನಾಗಿ ಒಲಿಯುವುದು ಮಳೆ ಬಾವಿಯನ್ನು ತೊಳೆದದ್ದರಿಂದ.

ಇದಕ್ಕೆ ಪರಿಹಾರ ಜನ ಅಂದುಕೊಂಡಷ್ಟು ದೊಡ್ಡದಲ್ಲ. ಲೆಕ್ಕ ಹಾಕಿ ನೋಡಿ: ಒಂದು ಮಿಲಿಗ್ರಾಂ ಗಡಸು ಸುಮಾರು 6 ಮಿಲಿಗ್ರಾಂ ಸಾಬೂನನ್ನು ನುಂಗುತ್ತದೆ. ಲೀಟರಿಗೆ 300 ಮಿಲಿಗ್ರಾಂ ಗಡಸಿರುವ ನೀರಿನಲ್ಲಿ 15 ಲೀಟರಿನ ಬಕೆಟ್ ತುಂಬಿದರೆ ಅದು ನುಂಗಬಲ್ಲ ಸಾಬೂನು 27 ಗ್ರಾಂ. ಬಟ್ಟೆ ಒಗೆಯುವವರ ಸಂಕಟ ಅದು. ಆದರೆ ಒಂದು ದಾಡಿಯ ನೊರೆಗೆ ಬೇಕಾಗುವ ನೀರು 20 ಮಿಲಿಲೀಟರಿನ ಆಸುಪಾಸು. ಅದು ನುಂಗುವುದು 36 ಮಿಲಿಗ್ರಾಂ ಮಾತ್ರ. ಬ್ರಶ್ಶಿಗೆ ಸಾಬೂನು ತುಂಬಾ ಹತ್ತಿಸಿಕೊಂಡರೆ ಆ ನಷ್ಟ ತುಂಬಿಹೋಗುತ್ತದೆ. ಗಡಸು ನೀರಿನಲ್ಲಿ ಸೋಲುವವರು ಹೆಚ್ಚಾಗಿ ಸಾಬೂನು ಉಳಿಸಲು ಹೋದವರೇ.

ಅಥವಾ ಆ ಚೂರು ನೀರನ್ನೇ ಬದಲಿಸಿ. ಮನೆಯಲ್ಲಿ ಆರ್‌ಒ ಯಂತ್ರವಿದ್ದರೆ ಅದರ ನೀರು ಮೆದು. ಬರೀ ಯುವಿ ಬೆಳಕಿನ ಯಂತ್ರವಾದರೆ ಪ್ರಯೋಜನವಿಲ್ಲ, ಅದು ರೋಗಾಣು ಕೊಲ್ಲುತ್ತದೆಯೇ ಹೊರತು ಲವಣ ತೆಗೆಯುವುದಿಲ್ಲ. ಮಳೆಗಾಲದಲ್ಲಿ ಹೆಂಚು ಚೆನ್ನಾಗಿ ತೊಳೆದುಹೋದ ಮೇಲೆ ಹಿಡಿದ ಮಳೆನೀರು ಉತ್ತಮ. ಕುದಿಸಿದರೆ ಹೇಗೆ ಎಂದು ಕೇಳುವವರಿದ್ದಾರೆ. ಹಂಡೆಯ ಒಳಮೈಗೆ ಬಿಳಿ ಪದರ ಕಟ್ಟುವ ನೀರಾದರೆ ಕುದಿಸುವುದರಿಂದ ಒಂದಷ್ಟು ಗಡಸು ಇಳಿಯುತ್ತದೆ, ಆ ಪದರವೇ ಅದಕ್ಕೆ ಸಾಕ್ಷಿ. ಕಡಲಿನಿಂದ ಬಂದ ಗಡಸು ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಹೆಚ್ಚೇ ಆಗುತ್ತದೆ.

ಮಳೆಗಾಲದ ಕೆಂಪು ನೀರನ್ನು ತಿಳಿಗೊಳಿಸಲು ಪಟಿಕ ಆಡಿಸುವ ಮನೆಗಳಿವೆ. ಆ ನೀರನ್ನು ನೊರೆಗೆ ಬಳಸಬೇಡಿ. ಪಟಿಕದ ಅಲ್ಯುಮಿನಿಯಂ ಕೂಡ ಸಾಬೂನನ್ನು ಗಸಿ ಮಾಡುತ್ತದೆ. ಲಿಂಬೆ ರಸ ಹಿಂಡುವುದೂ ಬೇಡ. ಆಮ್ಲ ಹೆಚ್ಚಾದರೆ ಸಾಬೂನು ಮತ್ತೆ ಕೊಬ್ಬಿನಾಮ್ಲವಾಗಿ ಒಡೆದುಹೋಗುತ್ತದೆ.

ನಿಮ್ಮ ನೀರು ಯಾವುದು ಎಂದು ತಿಳಿಯಲು

ಎರಡು ಖಾಲಿ ಬಾಟಲಿ ತೆಗೆದುಕೊಳ್ಳಿ. ಒಂದಕ್ಕೆ ಬಾವಿಯ ನೀರು, ಇನ್ನೊಂದಕ್ಕೆ ಆರ್‌ಒ ನೀರು ಅಥವಾ ಮಳೆನೀರು, ಎರಡೂ ಅರ್ಧದಷ್ಟು. ದಾಡಿ ಸಾಬೂನನ್ನು ಚಾಕುವಿನಿಂದ ಹೆರೆದು ಉಗುರಿನಷ್ಟು ಅಗಲದ ಚಕ್ಕೆಯನ್ನು ಎರಡಕ್ಕೂ ಸಮನಾಗಿ ಹಾಕಿ, ಕರಗಲು ಬಿಟ್ಟು ಜೋರಾಗಿ ಕುಲುಕಿ. ಮೆದು ನೀರಿನಲ್ಲಿ ಮೇಲೆ ದಪ್ಪ ನೊರೆ ನಿಂತು ಕೆಳಗಿನ ನೀರು ಹೆಚ್ಚುಕಡಿಮೆ ತಿಳಿಯಾಗಿರುತ್ತದೆ. ಗಡಸು ನೀರಿನಲ್ಲಿ ನೊರೆ ಬೇಗ ಇಳಿದು, ನೀರು ಬೆಳ್ಳಗೆ ಕದಡಿ, ಗಾಜಿನ ಮೈಗೆ ಸಣ್ಣ ಬಿಳಿ ಚೂರುಗಳು ಅಂಟಿಕೊಳ್ಳುತ್ತವೆ. ಎರಡನ್ನೂ ಬೆಳಕಿಗೆ ಅಡ್ಡ ಹಿಡಿದು ನೋಡಿದರೆ ಮತ್ತೆ ಯಾರನ್ನೂ ಕೇಳಬೇಕಿಲ್ಲ. ಬಟ್ಟೆಯ ಡಿಟರ್ಜೆಂಟ್ ಪುಡಿಯಿಂದ ಈ ಪರೀಕ್ಷೆ ಆಗದು, ಅದನ್ನು ಗಡಸು ನೀರಿನಲ್ಲೂ ನೊರೆ ಬರುವಂತೆಯೇ ಮಾಡಿರುತ್ತಾರೆ.

ಕೈಕೆಲಸ

ಮೊದಲು ಬ್ರಶ್. ಪ್ರಾಣಿಯ ಕೂದಲಿನದಾದರೆ ಬಿಸಿನೀರಲ್ಲಿ ಎರಡು ಮೂರು ನಿಮಿಷ ನೆನೆಯಲಿ. ಕೂದಲು ನೀರು ಕುಡಿದು ಮೆತ್ತಗಾಗಬೇಕು, ಇಲ್ಲದಿದ್ದರೆ ನೀವು ನೊರೆಗೆ ಕೊಟ್ಟ ನೀರನ್ನು ಅದೇ ಹೀರಿಕೊಳ್ಳುತ್ತದೆ. ನೈಲಾನ್ ಬ್ರಶ್ಶಿಗೆ ನೆನೆಯುವ ಅಗತ್ಯವಿಲ್ಲ, ಅದ್ದಿ ತೆಗೆದರೆ ಸಾಕು. ಅದೇ ಹೊತ್ತಿಗೆ ಬಿಲ್ಲೆಯ ಮೇಲೂ ಒಂದು ಚಮಚ ಬೆಚ್ಚಗಿನ ನೀರು ಹಾಕಿಡಿ. ಮೇಲ್ಪದರ ಮೆತ್ತಗಾಗುತ್ತದೆ. ಶಿರಸಿಯ ಚಳಿಯ ಮುಂಜಾವಿನಲ್ಲಿ ಇದನ್ನು ತಪ್ಪಿಸಲೇಬಾರದು, ತಣ್ಣೀರಿಗೆ ಸೋಡಿಯಂ ಸ್ಟಿಯರೇಟ್ ಜಗ್ಗುವುದಿಲ್ಲ. ಹಾಗೆಂದು ಕುದಿಯುವ ನೀರೂ ಬೇಡ, ಅದರಲ್ಲಿ ನೊರೆ ತೆಳುವಾಗಿ ಬೇಗ ಬಸಿದುಹೋಗುತ್ತದೆ.

ಈಗ ಬಿಲ್ಲೆಯ ಮೇಲಿನ ನೀರು ಚೆಲ್ಲಿ. ಬ್ರಶ್ಶನ್ನು ಕೊಡವಿ, ತಲೆಕೆಳಗೆ ಹಿಡಿದರೆ ಹನಿ ಬೀಳದಷ್ಟು. ಬಿಲ್ಲೆಯ ಮೇಲೆ ಅರ್ಧ ನಿಮಿಷ ಸುತ್ತಿಸಿ, ಗಡಸು ನೀರಾದರೆ ಒಂದು ನಿಮಿಷ. ಮೊದಲ ಕೆಲವು ಸುತ್ತಿನಲ್ಲಿ ಗುಳ್ಳೆ ಕಾಣುತ್ತದೆ, ಅದನ್ನು ನೋಡಿ ಸಾಕೆಂದು ನಿಲ್ಲಿಸಬೇಡಿ. ಇನ್ನೂ ಸುತ್ತಿಸಿದಂತೆ ಗುಳ್ಳೆ ಮಾಯವಾಗಿ, ಬ್ರಶ್ಶಿನ ತುದಿಗೆ ಅಂಟಂಟಾದ, ಹೊಳಪಿಲ್ಲದ, ಮಂದ ಲೇಪ ಹತ್ತುತ್ತದೆ. ಕೈಗೆ ಬ್ರಶ್ ಸ್ವಲ್ಪ ಎಳೆದಂತಾಗುತ್ತದೆ. ಅಷ್ಟು ಸಾಬೂನು ಬಂತೆಂದರೆ ಅರ್ಧ ಕೆಲಸ ಆಯಿತು.

ಉಳಿದರ್ಧ, ನೀರು ಕೊಡುವುದು. ಒರಳಲ್ಲಿ ಉದ್ದು ಅರೆಯುವುದನ್ನು ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಒಮ್ಮೆಲೇ ಚೊಂಬು ನೀರು ಸುರಿದರೆ ಉದ್ದು ತೇಲಾಡುತ್ತದೆ, ಹಿಟ್ಟು ಉಬ್ಬುವುದೇ ಇಲ್ಲ. ನೀರೇ ಕೊಡದಿದ್ದರೆ ಗುಂಡು ತಿರುಗದೆ ಹಿಟ್ಟು ಹಿಡಿದುಕೊಳ್ಳುತ್ತದೆ. ಕೈ ಅದ್ದಿ ಚಿಮುಕಿಸಿ, ಆ ನೀರು ಹಿಟ್ಟಿಗೆ ಪೂರಾ ಸೇರಿದ ಮೇಲೆ ಮತ್ತೆ ಚಿಮುಕಿಸಿ ಅರೆದರೆ ಹಿಟ್ಟು ಗಾಳಿ ತುಂಬಿಕೊಂಡು ಏರುತ್ತ ಹೋಗುತ್ತದೆ. ಸಾಬೂನಿನ ಲೇಪಕ್ಕೂ ಹೀಗೆಯೇ: ಬ್ರಶ್ಶಿನ ತುದಿಯನ್ನಷ್ಟೇ ನೀರಿಗೆ ಮುಟ್ಟಿಸಿ, ಬಟ್ಟಲಿನಲ್ಲೋ ಕೆನ್ನೆಯ ಮೇಲೋ ಇಪ್ಪತ್ತು ಮೂವತ್ತು ಸೆಕೆಂಡು ತಿರುಗಿಸಿ, ನೀರು ಒಳಗೆ ಸೇರಿದ್ದು ಕಂಡಮೇಲೆ ಮತ್ತೊಮ್ಮೆ. ನಾಲ್ಕೈದು ಸಲ ಹೀಗೆ ಮಾಡಬೇಕಾಗುತ್ತದೆ.

ಎಲ್ಲಿ ನಿಲ್ಲಿಸಬೇಕು? ನೊರೆಯ ಮೈ ನೋಡಿ. ನೀರು ಸಾಲದಾಗ ಅದು ಮಂಕಾಗಿರುತ್ತದೆ, ಬ್ರಶ್ ಎತ್ತಿದರೆ ಚೂಪಾದ ತುದಿ ನೆಟ್ಟಗೆ ನಿಲ್ಲುತ್ತದೆ. ನೋಡಲು ಬಹಳ ಚೆಂದ, ಹೆಚ್ಚಿನವರು ಇಲ್ಲೇ ನಿಲ್ಲಿಸಿಬಿಡುತ್ತಾರೆ. ನನ್ನ ಪ್ರಕಾರ ಹೊಸಬರು ಎಡವುವುದು ಹೆಚ್ಚಾಗಿ ಇಲ್ಲಿಯೇ. ಇನ್ನೊಂದೆರಡು ಸಲ ನೀರು ಮುಟ್ಟಿಸಿ. ಮೈಗೆ ಒದ್ದೆ ಹೊಳಪು ಬರುತ್ತದೆ, ತುದಿ ಎದ್ದು ಮೆಲ್ಲಗೆ ಬಾಗುತ್ತದೆ, ಬರಿಗಣ್ಣಿಗೆ ಒಂದೂ ಗುಳ್ಳೆ ಕಾಣುವುದಿಲ್ಲ. ಹೆಬ್ಬೆರಳು ತೋರುಬೆರಳಿನ ನಡುವೆ ಚೂರು ತೆಗೆದುಕೊಂಡು ಉಜ್ಜಿ ನೋಡಿ. ಬೆರಳುಗಳು ಒಂದಕ್ಕೊಂದು ತಡೆಯದೆ ಜಾರಿದರೆ ಹದ ಬಂದಿದೆ. ಕಣ್ಣಿಗಿಂತ ಈ ಬೆರಳ ಪರೀಕ್ಷೆಯನ್ನು ನಂಬಿ.

ಬಟ್ಟಲೋ ಮುಖವೋ ಎನ್ನುವುದು ಅವರವರ ಇಷ್ಟ. ಕಲಿಯುವಾಗ ಬಟ್ಟಲು ಅನುಕೂಲ, ಏನಾಗುತ್ತಿದೆ ಎಂದು ಕಣ್ಣಿಗೆ ಕಾಣುತ್ತದೆ. ಸ್ಟೀಲಿನ ಬಟ್ಟಲು ಬೇಗ ತಣ್ಣಗಾಗುತ್ತದೆ, ಗರಟೆ ಬಿಸಿ ಹಿಡಿದಿಡುತ್ತದೆ. ಕೊನೆಗೆ ಮುಖದ ಮೇಲೆ ಬ್ರಶ್ ಆಡಿಸುವಾಗ ಮೊದಲು ವೃತ್ತವಾಗಿ ತಿರುಗಿಸಿದರೆ ಕೂದಲು ಎದ್ದು ನಿಂತು ಬುಡದವರೆಗೆ ನೊರೆ ಸೇರುತ್ತದೆ, ಆಮೇಲೆ ಬಣ್ಣ ಬಳಿದ ಹಾಗೆ ಸವರಿ ಸಮ ಮಾಡಬಹುದು.

ನಡುವೆ ಕೆಟ್ಟರೆ

ದೊಡ್ಡ ಗುಳ್ಳೆ ಕಟ್ಟಿ ಕೆಳಗೆ ಹರಿಯುತ್ತಿದ್ದರೆ ನೀರು ಹೆಚ್ಚಾಗಿದೆ ಅಥವಾ ಸಾಬೂನು ಸಾಲದು. ಬ್ರಶ್ ಕೊಡವಿ ಮತ್ತೆ ಬಿಲ್ಲೆಗೆ ಹೋಗಿ. ಕೆನ್ನೆಯ ಮೇಲೆ ಒಣಗಿ ಬಿಳಿ ಪುಡಿಯಾಗುತ್ತಿದ್ದರೆ ನೀರು ಸಾಲದು, ಒದ್ದೆ ಬ್ರಶ್ ಸವರಿದರೆ ಸಾಕು. ಕರಾವಳಿಯ ಸೆಕೆಗೆ ಫ್ಯಾನಿನ ಕೆಳಗೆ ಕೂತು ದಾಡಿ ಮಾಡಿಕೊಳ್ಳುವವರಿಗೆ ಇದು ಜಾಸ್ತಿ, ಆ ಐದು ನಿಮಿಷ ಫ್ಯಾನ್ ನಿಲ್ಲಿಸಬಹುದು. ಹದವಾದ ನೊರೆಯಿದ್ದೂ ಪ್ರತಿ ಸಲ ಉರಿ, ಕೆಂಪು ಬರುತ್ತಿದ್ದರೆ ಆ ಸಾಬೂನಿನ ಕ್ಷಾರ ಅಥವಾ ಪರಿಮಳ ನಿಮ್ಮ ಚರ್ಮಕ್ಕೆ ಒಗ್ಗುತ್ತಿಲ್ಲ. ಅದನ್ನು ಬಿಡಿ, ಕಡಿಮೆಯಾಗದಿದ್ದರೆ ಚರ್ಮದ ವೈದ್ಯರಿಗೆ ತೋರಿಸಿ.

ಮುಗಿದ ಮೇಲೆ ಪಟಿಕ ಸವರುವವರು ಅದಕ್ಕೂ ಮೊದಲು ಮುಖವನ್ನು ಚೆನ್ನಾಗಿ ತೊಳೆಯಬೇಕು. ಸಾಬೂನು ಉಳಿದಿದ್ದರೆ ಪಟಿಕ ಅದರೊಡನೆ ಸೇರಿ ಮುಖದ ಮೇಲೆಯೇ ಜಿಡ್ಡು ಕಟ್ಟುತ್ತದೆ.

ಮಳೆಗಾಲದಲ್ಲಿ ಬ್ರಶ್ ಮತ್ತು ಬಿಲ್ಲೆ

ಜೂನಿನಿಂದ ಸೆಪ್ಟೆಂಬರಿನವರೆಗೆ ನಮ್ಮಲ್ಲಿ ಏನೂ ಒಣಗುವುದಿಲ್ಲ. ಬಿಲ್ಲೆಯ ಮೇಲೆ ಹನಿಹನಿ ಬೆವರು ಕಂಡರೆ ಸಾಬೂನು ಹಾಳಾಯಿತೆಂದು ಎಸೆಯಬೇಡಿ. ಅದರೊಳಗಿನ ಗ್ಲಿಸರಿನ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತಿದೆ, ಅಷ್ಟೇ. ಆದರೆ ಮುಚ್ಚಿದ ಡಬ್ಬಿಯಲ್ಲಿ ಒದ್ದೆಯಾಗಿ ಇಟ್ಟರೆ ಬಿಲ್ಲೆ ಕರಗಿ ಲೋಳೆಯಾಗುತ್ತದೆ. ತಳದಲ್ಲಿ ತೂತಿರುವ ತಟ್ಟೆ ಒಳ್ಳೆಯದು.

ಬ್ರಶ್ಶಿನ ಬುಡದಲ್ಲಿ ತೇವ ನಿಂತರೆ ಬೂಷ್ಟು ಹಿಡಿಯುತ್ತದೆ. ತೊಳೆದು, ಹಿಂಡಿ, ಬಟ್ಟೆಯ ಮೇಲೆ ಸವರಿ, ಗಾಳಿಯಾಡುವ ಕಡೆ ಇಡಿ. ಬಚ್ಚಲ ಒಲೆಯಿರುವ ಮನೆಯಲ್ಲಿ ಒಲೆಯಿಂದ ಒಂದಿಷ್ಟು ದೂರದ ಬೆಚ್ಚಗಿನ ಗೂಡು ಸೂಕ್ತ, ಒಲೆಯ ಮೇಲಲ್ಲ. ಮತ್ತೆ, ಒಬ್ಬರ ಬ್ರಶ್ ಒಬ್ಬರಿಗೇ ಇರಲಿ. ಮೊದಲ ಮಹಾಯುದ್ಧದ ಹೊತ್ತಿಗೆ ಸೋಂಕಿತ ಕುದುರೆ ಕೂದಲಿನ ಬ್ರಶ್ಶುಗಳಿಂದ ಇಂಗ್ಲೆಂಡ್, ಅಮೆರಿಕಗಳಲ್ಲಿ ಆಂಥ್ರಾಕ್ಸ್ ತಗುಲಿದವರಿದ್ದರು. ಇಂದು ಕೂದಲನ್ನು ಶುದ್ಧಿಗೊಳಿಸಿಯೇ ಬ್ರಶ್ ಮಾಡುತ್ತಾರೆ, ಆದರೂ ಬ್ಲೇಡಿನ ಗಾಯವಿರುವ ಚರ್ಮದ ಮೇಲೆ ಆಡುವ ವಸ್ತುವನ್ನು ಹಂಚಿಕೊಳ್ಳುವುದು ಸರಿಯಲ್ಲ.

ಗಡಸು ನೀರಿನ ಊರಲ್ಲಿ ಬ್ರಶ್ಶಿನ ಬುಡಕ್ಕೆ ದಿನೇದಿನೇ ಬಿಳಿ ಗಸಿ ಸೇರಿ ಕೂದಲು ಬಿರುಸಾಗುತ್ತದೆ. ಅಂಥ ಬ್ರಶ್ಶಿನಲ್ಲಿ ಎಂಥ ಒಳ್ಳೆಯ ನೀರು ತಂದರೂ ನೊರೆ ಪೂರಾ ಏಳುವುದಿಲ್ಲ. ಒಂದು ಪಾಲು ವಿನೆಗರಿಗೆ ಹತ್ತು ಪಾಲು ಬೆಚ್ಚಗಿನ ನೀರು ಬೆರೆಸಿ, ಐದಾರು ನಿಮಿಷ ಕೂದಲಿನ ಭಾಗವನ್ನಷ್ಟೇ ಅದ್ದಿಟ್ಟು ಬೆರಳಿಂದ ಬುಡ ಬಿಡಿಸಿ. ಗಸಿ ಸಡಿಲಾಗಿ ಬರುತ್ತದೆ. ಆಮೇಲೆ ಒಂದು ಸಲ ಸಾಬೂನು ಹಾಕಿ, ವಿನೆಗರಿನ ವಾಸನೆ ಪೂರ್ತಿ ಹೋಗುವವರೆಗೆ ತೊಳೆಯಿರಿ. ಆಮ್ಲ ಬುಡದಲ್ಲಿ ಉಳಿದರೆ ಮರುದಿನದ ಸಾಬೂನನ್ನು ಅದೇ ಒಡೆಯುತ್ತದೆ.